ಬರೆದ ಕಲ್ಲಿನ ವಿಳಾಸ

ಹಾಸನ ಜಿಲ್ಲೆಯ ಶಾಸನಗಳನ್ನು ಒಟ್ಟುಮಾಡಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟ ಅಚ್ಚಾದದ್ದು 1902ರಲ್ಲಿ. ದಾನ, ಯುದ್ಧ, ವಂಶಾವಳಿ, ಶಾಪಗಳಿಂದ ತುಂಬಿದ ದಪ್ಪ ಪುಸ್ತಕ. ವಿದ್ವಾಂಸರು ಅದನ್ನು ಅರಸರ ಕಾಲ ನಿರ್ಣಯಕ್ಕೆ ತೆರೆಯುತ್ತಾರೆ. ಊರೂರು ಸುತ್ತಿ ಕಲ್ಲು ಹುಡುಕುವವರಿಗೆ ಮೊದಲು ಬೇಕಾಗುವುದು ಪ್ರತಿ ಶಾಸನದ ನೆತ್ತಿಯ ಮೇಲಿರುವ ಒಂದು ಸಾಲು. ಇಂಥ ಹೋಬಳಿ, ಇಂಥ ಊರು. ಅಲ್ಲಿ ಈಶ್ವರನ ಗುಡಿಯ ಮುಂದೆಯೋ, ಕೆರೆ ಏರಿಯ ಮೇಲೋ, ಊರ ಮೂಡಲ ಹೊಲದಲ್ಲೋ ನೆಟ್ಟ ಕಲ್ಲು. ಎತ್ತರ ಇಷ್ಟಡಿ, ಅಗಲ ಇಷ್ಟಡಿ. ಅಷ್ಟೇ ಸುಳಿವು. ಆ ಸಾಲನ್ನು ನಂಬಿ ಇಂದು ಚನ್ನರಾಯಪಟ್ಟಣ ತಾಲ್ಲೂಕಿನ ಯಾವುದಾದರೂ ಹಳ್ಳಿಗೆ ಹೋದರೆ ಗುಡಿಗೆ ಹೊಸ ಗೋಡೆ ಬಂದಿರುತ್ತದೆ, ಏರಿಯ ಮೇಲೆ ಟಾರು ರಸ್ತೆ ಹರಿದಿರುತ್ತದೆ, ಹೊಲ ತೆಂಗಿನ ತೋಟವಾಗಿರುತ್ತದೆ. ಕಲ್ಲು ಅಲ್ಲೇ ಎಲ್ಲೋ ಇರಬೇಕು. ಹುಡುಕಾಟ ಶುರುವಾಗುವುದು ಅಲ್ಲಿಂದ.

ಜಗತ್ತಿನ ಬೇರೆ ಕಡೆ ಇಂಥ ಹುಡುಕಾಟವನ್ನು ಆಟವಾಗಿಯೇ ಕಟ್ಟಿಕೊಂಡವರಿದ್ದಾರೆ. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲುಗುಡ್ಡಗಳಲ್ಲಿ ದಾರಿ ತೋರಿಸುವ ಕೆಲಸ ಮಾಡುತ್ತಿದ್ದ ಜೇಮ್ಸ್ ಪೆರಟ್ 1854ರಲ್ಲಿ ಕ್ರಾನ್‌ಮಿಯರ್ ಪೂಲ್ ಎಂಬ ದುರ್ಗಮ ಜೌಗಿನ ಬಳಿ ಒಂದು ಸೀಸೆ ಇಟ್ಟರು. ಅಲ್ಲಿಯವರೆಗೆ ನಡೆದು ಮುಟ್ಟಿದವರು ತಮ್ಮ ಹೆಸರಿನ ಚೀಟಿಯನ್ನು ಅದರೊಳಗೆ ಹಾಕಿ ಬರುತ್ತಿದ್ದರು. 2000ದ ಮೇ ತಿಂಗಳ ಆರಂಭದಲ್ಲಿ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಇಟ್ಟಿದ್ದ ಅಡ್ಡಿಯನ್ನು ತೆಗೆಯಿತು. ಆ ಕೂಡಲೇ, ಮೇ 3ರಂದು, ಡೇವ್ ಅಲ್ಮರ್ ಎಂಬವರು ಒರೆಗಾನ್ ರಾಜ್ಯದಲ್ಲಿ ಒಂದು ಬಕೆಟ್ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರು. ಜಿಯೋಕ್ಯಾಷಿಂಗ್ ಹುಟ್ಟಿದ್ದು ಹಾಗೆ. ಎಲೆ ಕೆಂಪಾಗುವ ಶರತ್ಕಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಕಾಡು ಸುತ್ತಿ, ಬಚ್ಚಿಟ್ಟ ಡಬ್ಬಿ ಹುಡುಕಿ, ಅದರೊಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುವುದು ಅಲ್ಲಿನ ಎಷ್ಟೋ ಕುಟುಂಬಗಳ ಭಾನುವಾರ.

ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಹಾಸನದ ಸೀಮೆಯಲ್ಲಿ ಯಾರೂ ಡಬ್ಬಿ ಬಚ್ಚಿಡಬೇಕಾಗಿಲ್ಲ. ಇಲ್ಲಿ ಸಾವಿರ ವರ್ಷದ ಕಲ್ಲುಗಳಿವೆ, ಪ್ರತಿಯೊಂದರ ಮೇಲೂ ಬರೆದವರ ಮಾತಿದೆ. ಎಲ್ಲರ ಕಣ್ಣಿಗೂ ಬೀಳಲಿ ಎಂದು ನಡುಬೀದಿಯಲ್ಲಿ, ಗುಡಿಯ ಮುಂದೆ, ದಾರಿ ಕೂಡುವಲ್ಲಿ ನೆಟ್ಟ ಕಲ್ಲುಗಳು ಅವು. ಊರು ಸರಿದು, ದಾರಿ ತಿರುಗಿ, ಓದಬಲ್ಲವರು ಇಲ್ಲವಾಗಿ ತಾವಾಗಿಯೇ ಮರೆಗೆ ಸಂದವು. ಅವನ್ನು ಮತ್ತೆ ಹುಡುಕಿದ ಇನ್ನೂರಕ್ಕೂ ಹೆಚ್ಚು ವರ್ಷಗಳ ಕಥೆ ಈ ಜಿಲ್ಲೆಯ ಅತಿ ದೊಡ್ಡ ಕಾಲ್ನಡಿಗೆಯ ಕಥೆ.

ಆ ಕಥೆಯ ನಡುವೆ ನಿಲ್ಲುವವರು ಬೆಂಜಮಿನ್ ಲೂಯಿಸ್ ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು; ತಂದೆ ಲಂಡನ್ ಮಿಷನ್ನಿನ ಪಾದ್ರಿ. ಕನ್ನಡ ಅವರಿಗೆ ಬಾಲ್ಯದಿಂದ ಕಿವಿಗೆ ಬಿದ್ದ ಮಾತು. 1860ರಲ್ಲಿ ಬೆಂಗಳೂರಿನ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು, ಆಮೇಲೆ ಶಾಲೆಗಳ ತನಿಖೆಗಾಗಿ ಕುದುರೆಯ ಮೇಲೆ ಸಂಸ್ಥಾನ ಸುತ್ತುವ ಅಧಿಕಾರಿಯಾದರು. ಶಾಲೆ ನೋಡಲು ಬಂದ ದೊರೆಗೆ ಊರಿನವರು ತಮಗೆ ಓದಲಾಗದ ಕಲ್ಲನ್ನು ತೋರಿಸುತ್ತಿದ್ದರು. 1865ರ ಹೊತ್ತಿಗೆ ಡಿಕ್ಸನ್ ಎಂಬ ಸೈನ್ಯಾಧಿಕಾರಿ ಮೈಸೂರು ಸೀಮೆಯ ಶಾಸನಗಳ ಫೋಟೊ ತೆಗೆದಿದ್ದರು. ಅವನ್ನು ಓದಿ ಅನುವಾದಿಸುವ ಕೆಲಸ ರೈಸರ ಪಾಲಿಗೆ ಬಂತು. 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಹೊರಬಂದಾಗ, ಫೋಟೊ ನೋಡಿ ಓದುವುದಕ್ಕೂ ಕಲ್ಲಿನ ಮುಂದೆ ಕೂತು ಓದುವುದಕ್ಕೂ ಎಷ್ಟು ದೂರ ಎಂಬುದು ಸ್ಪಷ್ಟವಾಗಿತ್ತು. 1885ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪ್ರಾಚ್ಯವಸ್ತು ಸಂಶೋಧನೆಯ ಇಲಾಖೆ ಹುಟ್ಟಿತು. ರೈಸ್ ಅದರ ಮುಖ್ಯಸ್ಥ. 1886ರಲ್ಲಿ ಕೊಡಗಿನ ಸಂಪುಟ, 1889ರಲ್ಲಿ ಶ್ರವಣಬೆಳಗೊಳದ್ದು, 1902ರಲ್ಲಿ ಹಾಸನದ್ದು. 1905ರ ಹೊತ್ತಿಗೆ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳು ಅಚ್ಚಾಗಿದ್ದವು. ರೈಸ್ 1927ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು.

ಅವರಿಗಿಂತ ಮುಂಚೆ ಯಾರೂ ಇರಲಿಲ್ಲ ಎಂದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಸರ್ವೆಗೆ ಬಂದ ಕಾಲಿನ್ ಮೆಕೆಂಜಿ ನೆಲ ಅಳೆಯುತ್ತಲೇ ಶಾಸನಗಳ ನಕಲು, ಕೈಫಿಯತ್ತು, ಹಸ್ತಪ್ರತಿಗಳನ್ನು ಕೂಡಿಹಾಕಿದರು. ಅವರ ಬಳಿ ಕಾವಲಿ ಮನೆತನದ ಬೊರಯ್ಯ, ಲಕ್ಷ್ಮಯ್ಯ ಎಂಬ ತೆಲುಗು ಸೋದರರಿದ್ದರು. ಊರಿನವರೊಡನೆ ಮಾತಾಡಿ ಸಂಗತಿ ಹೊರಡಿಸುತ್ತಿದ್ದವರು ಅವರೇ. ಸರ್ವೆಯ ಸರಪಳಿ ಹೋದ ದಾರಿಯಲ್ಲೇ ಶಾಸನದ ಹುಡುಕಾಟವೂ ಹೋಯಿತು.

ಶಾಸನವನ್ನು ಕಾಗದಕ್ಕೆ ಇಳಿಸುವ ಬಗೆ ಇಂದಿಗೂ ಬಹುಮಟ್ಟಿಗೆ ಅದೇ. ಮೊದಲು ಕಲ್ಲಿನ ಪಾಚಿ, ಮಣ್ಣು, ಎಣ್ಣೆಜಿಡ್ಡು ಹೋಗುವಂತೆ ನೀರು ಹಾಕಿ ಉಜ್ಜಬೇಕು. ಒದ್ದೆ ಕಾಗದವನ್ನು ಅದರ ಮೈಗೆ ಅಂಟಿಸಿ, ಬಿರುಸು ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ಗುಂಡಿಗಳೊಳಗೆ ಕಾಗದ ಕೂರುವಂತೆ ಮಾಡಬೇಕು. ಅರೆ ಆರಿದ ಮೇಲೆ ಬಟ್ಟೆಯ ಗುಬುಟಿನಿಂದ ಮಸಿ ಒತ್ತಬೇಕು. ಮಸಿ ಉಬ್ಬಿದ ಜಾಗಕ್ಕೆ ಹತ್ತುತ್ತದೆ, ತಗ್ಗಿದ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಗಾಳಿ ಎದ್ದರೆ ಕಾಗದ ಹರಿಯಿತು. ಮಳೆ ಬಂದರೆ ಮಸಿ ಹರಿಯಿತು. ಈ ಕೆಲಸಕ್ಕೆ ಮಳೆ ನಿಂತ ಮೇಲಿನ ತಿಂಗಳುಗಳೇ ಬೇಕು.

ಆದರೆ ಕಾಗದ ಹಚ್ಚುವ ಮೊದಲು ಕಲ್ಲು ಸಿಗಬೇಕಲ್ಲ! ಅದನ್ನು ತೋರಿಸಿಕೊಟ್ಟವರು ಯಾರು? ಊರಿನ ಶಾನುಭೋಗರು, ಪಟೇಲರು, ತೋಟಿ, ತಳವಾರರು, ಗುಡಿಯ ಪೂಜಾರಿಗಳು, ಎಲ್ಲರಿಗಿಂತ ಮಿಗಿಲಾಗಿ ದನ ಕುರಿ ಕಾಯುವವರು. ಯಾವ ಮೆಳೆಯೊಳಗೆ ಯಾವ ಬಂಡೆಯಿದೆ ಎಂಬುದು ಮೇವಿಗಾಗಿ ದಿನವೂ ಅಲೆಯುವವರಿಗೆ ಗೊತ್ತಿರುವಷ್ಟು ಕಚೇರಿಯಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ. ಈಗಲೂ ಅಷ್ಟೇ. ಹಳ್ಳಿಯ ಅರಳಿಕಟ್ಟೆಯಲ್ಲಿ ಕೂತ ಹಿರಿಯರನ್ನು ‘ಇಲ್ಲಿ ಶಾಸನ ಇದೆಯಾ?’ ಎಂದು ಕೇಳಿದರೆ ‘ಅಂಥದ್ದೇನಿಲ್ಲ ಸ್ವಾಮಿ’ ಎನ್ನುತ್ತಾರೆ. ‘ಯಜಮಾನ್ರೇ, ಬರೆದಿರೋ ಕಲ್ಲು ಎಲ್ಲಾದ್ರೂ ಐತಾ?’ ಎಂದು ಕೇಳಿದರೆ ಸಾಕು, ‘ಓ, ಅದಾ! ಹಳೇ ಊರಿನ ಹುಣಿಸೆಮರದ ಕೆಳಗೆ ಬಿದ್ದೈತೆ’ ಎಂದು ತಾವೇ ಎದ್ದು ಬರುತ್ತಾರೆ. ರೈಸರ ಪುಸ್ತಕದಲ್ಲಿ ಈ ಜನರ ಹೆಸರಿಲ್ಲ. ಆದರೂ ಪ್ರತಿ ಶಾಸನದ ತಲೆಯ ಮೇಲಿನ ಆ ವಿಳಾಸ ಇವರ ಬಾಯಿಂದಲೇ ಬಂದದ್ದು.

ಕಲ್ಲು ಮರೆಯಾದ ಬಗೆಗಳೂ ಹಲವು. ಕೆರೆಯ ತೂಬು ದುರಸ್ತಿಗೆ ಚಪ್ಪಡಿ ಬೇಕಾದಾಗ ಹತ್ತಿರ ಸಿಕ್ಕಿದ್ದು ಶಾಸನದ ಕಲ್ಲು. ಮನೆಯ ಹೊಸ್ತಿಲಿಗೆ, ಬಾವಿಯ ಕಟ್ಟೆಗೆ, ಬಟ್ಟೆ ಒಗೆಯುವುದಕ್ಕೆ ಹೋದವೂ ಬೇಕಾದಷ್ಟಿವೆ. ಕೆಲವನ್ನು ದೇವರೆಂದು ಪೂಜಿಸುತ್ತ ಬಂದದ್ದರಿಂದ ಎಣ್ಣೆ ಅರಿಶಿನದ ಪದರದೊಳಗೆ ಅಕ್ಷರ ಮುಚ್ಚಿಹೋಗಿದೆ. ಅಂಥ ಕಲ್ಲಿಗೆ ಕೈಯಿಡುವ ಮುನ್ನ ಪೂಜೆ ಮಾಡುವವರ ಅಪ್ಪಣೆ ಕೇಳಬೇಕು, ಅವರು ಬೇಡ ಎಂದರೆ ಹಿಂದಕ್ಕೆ ಬರಬೇಕು. ಇನ್ನು ಕೆಲವನ್ನು ಹೊಲದವರೇ ಮಣ್ಣೊಳಗೆ ಸೇರಿಸಿದ್ದುಂಟು. ಕಲ್ಲಿನಲ್ಲಿ ಈ ನೆಲ ದೇವಸ್ಥಾನಕ್ಕೆ ಬಿಟ್ಟ ಉಂಬಳಿ ಎಂದಿದ್ದರೆ ಸರ್ಕಾರ ಬಂದು ಹೊಲ ಕಿತ್ತುಕೊಂಡೀತು ಎಂಬ ಭಯ. ತಲೆತಲಾಂತರದಿಂದ ಉಳುತ್ತ ಬಂದವರ ಆ ಭಯವನ್ನು ಹಗುರವಾಗಿ ನೋಡಬಾರದು. ಎಂಟುನೂರು ವರ್ಷ ಹಿಂದಿನ ದಾನಪತ್ರ ಇಂದಿನ ಪಹಣಿಯನ್ನು ಬದಲಿಸುವುದಿಲ್ಲ ಎಂದು ಅವರಿಗೆ ಸಮಾಧಾನವಾಗಿ ಹೇಳುವುದು ಹುಡುಕುವವರ ಮೊದಲ ಕೆಲಸ.

ಈ ಹುಡುಕಾಟದ ಸ್ವರೂಪ ತಿಳಿಯಬೇಕಾದರೆ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವನ್ನೇ ನೋಡಬೇಕು. 1889ರ ಸಂಪುಟದಲ್ಲಿ ರೈಸ್ ಪ್ರಕಟಿಸಿದ್ದು 144 ಶಾಸನ. ಅವರ ಸಹಾಯಕರಾಗಿದ್ದು 1906ರಲ್ಲಿ ಇಲಾಖೆಯ ಹೊಣೆ ಹೊತ್ತ ಆರ್. ನರಸಿಂಹಾಚಾರ್ ಅದೇ ಎರಡು ಬೆಟ್ಟ, ಅದೇ ಊರನ್ನು ಮತ್ತೆ ಸುತ್ತಿದರು. 1923ರಲ್ಲಿ ಹೊರಬಂದ ಪರಿಷ್ಕೃತ ಸಂಪುಟದಲ್ಲಿ 500 ಶಾಸನಗಳಿದ್ದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಅದನ್ನು ಮತ್ತೆ ಪರಿಷ್ಕರಿಸಿದಾಗ ಸಂಖ್ಯೆ 573 ಆಯಿತು. ಬೆಟ್ಟ ಎಲ್ಲೂ ಹೋಗಿರಲಿಲ್ಲ. ಸಾವಿರಾರು ಯಾತ್ರಿಕರು ವರ್ಷ ವರ್ಷವೂ ಹತ್ತಿ ಇಳಿದ ಬಂಡೆ ಅದು. ಅವರ ಕಾಲಡಿಯಲ್ಲೇ ನಾಲ್ಕುನೂರಕ್ಕೂ ಹೆಚ್ಚು ಬರಹಗಳು ಓದುಗರಿಗಾಗಿ ಕಾದಿದ್ದವು.

ಅವುಗಳಲ್ಲಿ ಬಹಳಷ್ಟು ಬರಿಯ ಹೆಸರುಗಳು. ಚಿಕ್ಕಬೆಟ್ಟಕ್ಕೆ ಬಂದವರು, ಬಂದದ್ದಕ್ಕೆ ಗುರುತಾಗಿ ಹಾಸುಬಂಡೆಯ ಮೇಲೆ ತಮ್ಮ ಹೆಸರು ಕೊರೆದು ಹೋದರು. ಉತ್ತರದಿಂದ ಬಂದ ಯಾತ್ರಿಕರದು ನಾಗರಿ ಮತ್ತು ಮಹಾಜನಿ ಲಿಪಿ. ದಕ್ಷಿಣದಿಂದ ಬಂದ ಕೆಲವರದು ಗ್ರಂಥಲಿಪಿ, ತಮಿಳು. ಆ ಹೆಸರುಗಳ ನಡುವೆ ‘ಕವಿರತ್ನ’ ಎಂಬುದೂ ಒಂದು. ಅದು ಹತ್ತನೆಯ ಶತಮಾನದ ಕವಿ ರನ್ನನ ಕೈಬರಹವೆಂದು ವಿದ್ವಾಂಸರು ಗುರುತಿಸಿದ್ದಾರೆ. ಕನ್ನಡದ ಮಹಾಕವಿಯೊಬ್ಬ ಇಲ್ಲಿಗೆ ನಡೆದು ಬಂದು ಹೆಸರು ಬರೆದು ಹೋದ ಎಂದರೆ, ಯಾವ ಡಬ್ಬಿಯೊಳಗಿನ ಪುಸ್ತಕವೂ ಅದರ ಸಮಕ್ಕೆ ಬರಲಾರದು.

ಬೆಟ್ಟದ ಉಳಿದ ಬರಹಗಳು ಇನ್ನೂ ದೊಡ್ಡ ಕಥೆ ಹೇಳುತ್ತವೆ. ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯ ಮೇಲಿರುವ, ಸುಮಾರು ಕ್ರಿ.ಶ. 600ರ ಬರಹ ಸಂಪುಟದ ಮೊದಲ ಸಂಖ್ಯೆಯದು. ಭದ್ರಬಾಹುವಿನ ಭವಿಷ್ಯವಾಣಿ ಕೇಳಿ ಮುನಿಸಂಘ ಉತ್ತರದಿಂದ ದಕ್ಷಿಣಕ್ಕೆ ಹೊರಟು ಬಂದ ಸಂಗತಿ ಅದರಲ್ಲಿದೆ. ಎದುರಿನ ದೊಡ್ಡಬೆಟ್ಟದಲ್ಲಿ 981ರಲ್ಲಿ 58 ಅಡಿಯ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ, ತ್ಯಾಗದ ಕಂಬದ ಮೇಲೆ ತನ್ನ ಸಾಧನೆಗಳನ್ನೆಲ್ಲ ಬರೆಸಿದ್ದ. ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣ ಎಂಬವನು ತನ್ನ ಕೆಲವೇ ಸಾಲಿನ ಬರಹಕ್ಕೆ ಜಾಗ ಮಾಡಿಕೊಳ್ಳಲು ಆ ಕಂಬದ ಮೂರು ಮುಖಗಳನ್ನು ಅಳಿಸಿಹಾಕಿದ. ಚಾವುಂಡರಾಯ ಗೊಮ್ಮಟನನ್ನು ಯಾಕೆ, ಹೇಗೆ, ಯಾರಿಂದ ಮಾಡಿಸಿದ ಎಂಬ ವಿವರ ಬಹುಶಃ ಆ ಮುಖಗಳಲ್ಲಿತ್ತು. ಕನ್ನಡ ನಾಡಿನ ಇತಿಹಾಸಕ್ಕೆ ಒಬ್ಬ ಮನುಷ್ಯ ಒಂದೇ ಕೆಲಸದಿಂದ ಮಾಡಿದ ನಷ್ಟಗಳಲ್ಲಿ ಇದಕ್ಕಿಂತ ದೊಡ್ಡದನ್ನು ನೆನೆಯುವುದು ಕಷ್ಟ.

ಕೆಳಗೆ ಊರೊಳಗಿನ ಭಂಡಾರಿ ಬಸದಿಯದು ಬೇರೆಯೇ ಬಗೆಯ ಕಲ್ಲು. ಬಸದಿ ಕಟ್ಟಿಸಿದ್ದು 1159ರಲ್ಲಿ, ಒಂದನೆಯ ನರಸಿಂಹನ ಭಂಡಾರಿ ಹುಳ್ಳ. ಅಲ್ಲಿರುವ 1368ರ ಶಾಸನ ವಿಜಯನಗರದ ಬುಕ್ಕರಾಯನದು. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂದಾಗ ಅರಸ ಇಬ್ಬರನ್ನೂ ಕೂಡಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತ. ಬೆಳಗೊಳದ ದೇವರ ಕಾವಲಿಗಾಗಿ ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಎತ್ತುವ ಏರ್ಪಾಡನ್ನೂ ಮಾಡಿಸಿದ. ಇದೇ ತೀರ್ಪಿನ ಇನ್ನೊಂದು ಕಲ್ಲು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದೆ.

ಪುಸ್ತಕದಲ್ಲಿ ವಿಳಾಸವಿರುವ ಕಲ್ಲನ್ನು ಮತ್ತೆ ಹುಡುಕುವುದು ಒಂದು. ವಿಳಾಸವೇ ಇಲ್ಲದ್ದನ್ನು ಕಾಣುವುದು ಇನ್ನೊಂದು. ಬೇಲೂರು ತಾಲ್ಲೂಕಿನ ಹಲ್ಮಿಡಿಯೂ 1902ರ ಸಂಪುಟದ ವ್ಯಾಪ್ತಿಯೊಳಗಿನ ಊರೇ. ಆದರೆ ಅಲ್ಲಿನ ಮಣ್ಣಿನ ಕೋಟೆಯೊಳಗೆ ವೀರಭದ್ರನ ಗುಡಿಯ ಮುಂದಿದ್ದ ಕಲ್ಲು ಆ ಪುಸ್ತಕದಲ್ಲಿ ಬರಲಿಲ್ಲ. ಎರಡೂವರೆ ಅಡಿ ಎತ್ತರ, ಒಂದಡಿ ಅಗಲ, ಹದಿನಾರು ಸಾಲು. 1936ರಲ್ಲಿ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಎಂ. ಎಚ್. ಕೃಷ್ಣ ಅವರ ಕಣ್ಣಿಗೆ ಅದು ಬಿತ್ತು. ಸುಮಾರು ಕ್ರಿ.ಶ. 450ರದೆಂದು ಗೊತ್ತಾದ ಮೇಲೆ ಕನ್ನಡದ ಬರಹದ ಇತಿಹಾಸ ಬರೆಯುವವರೆಲ್ಲ ತಮ್ಮ ಮೊದಲ ಪುಟವನ್ನು ಹಲ್ಮಿಡಿಯಿಂದಲೇ ಶುರುಮಾಡಬೇಕಾಯಿತು. ಮೂಲ ಕಲ್ಲು ಈಗ ಮೈಸೂರಿನಲ್ಲಿದೆ, ಊರಿನಲ್ಲಿ ಅದರ ಪ್ರತಿಯಿದೆ. ಹುಡುಕಿ ಮುಗಿದ ಊರು ಎಂಬುದು ಹಾಸನ ಜಿಲ್ಲೆಯಲ್ಲಿ ಇಲ್ಲ ಎನ್ನಲು ಹಲ್ಮಿಡಿಯೊಂದು ಸಾಕು.

ಒಂದು ಕಲ್ಲು ಇದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಲ್ಲಿನ ಗುಡಿಗಳೇ ಸಾಕ್ಷಿ. ಹಾಸನದ ಹತ್ತಿರದ ದೊಡ್ಡಗದ್ದವಳ್ಳಿಯಲ್ಲಿ ಕೆರೆಯ ದಡದ ಲಕ್ಷ್ಮೀದೇವಿ ಗುಡಿಯನ್ನು ಹನ್ನೆರಡನೆಯ ಶತಮಾನದ ಮೊದಲಲ್ಲಿ ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ ಕಟ್ಟಿಸಿದರೆಂದು ಶಾಸನ ಹೇಳುತ್ತದೆ. ಗಂಡ ಹೆಂಡತಿ ಇಬ್ಬರ ಹೆಸರೂ ಉಳಿಯಿತು. ಅದೇ ತಾಲ್ಲೂಕಿನ ಮೊಸಳೆಯಲ್ಲಿ ಪಕ್ಕಪಕ್ಕದಲ್ಲಿ ನಿಂತ ನಾಗೇಶ್ವರ, ಚೆನ್ನಕೇಶವ ಗುಡಿಗಳು ಕೆತ್ತನೆಯಲ್ಲಿ ಯಾವುದಕ್ಕೂ ಕಡಿಮೆಯಿಲ್ಲ. ಆದರೆ ಕಟ್ಟಿಸಿದವರನ್ನು ಹೇಳುವ ಶಾಸನ ಸಿಕ್ಕಿಲ್ಲ. ಶೈಲಿ ನೋಡಿ ಸುಮಾರು 1200 ಎನ್ನುತ್ತಾರೆ, ಅಷ್ಟೇ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಈ ವಿಷಯದಲ್ಲಿ ಭಾಗ್ಯವಂತ ಊರು. ಲಕ್ಷ್ಮೀನರಸಿಂಹ ಗುಡಿ 1246ರದು, ಹೊಯ್ಸಳ ಸೋಮೇಶ್ವರನ ದಂಡನಾಯಕ ಬೊಮ್ಮಣ್ಣ ಕಟ್ಟಿಸಿದ್ದು. ಅಲ್ಲಿನ ಹೊರಗೋಡೆಯ ಮೂರ್ತಿಗಳ ಪೀಠದಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ತಮ್ಮ ಹೆಸರನ್ನು ಸಣ್ಣ ಅಕ್ಷರದಲ್ಲಿ ಕೊರೆದುಕೊಂಡಿದ್ದಾರೆ. ಗುಡಿಯ ಒಂದು ಮಗ್ಗುಲು ಒಬ್ಬರದು, ಇನ್ನೊಂದು ಮಗ್ಗುಲು ಇನ್ನೊಬ್ಬರದು. ಮಕ್ಕಳನ್ನು ಕರೆದುಕೊಂಡು ಹೋಗಿ ಆ ಹೆಸರುಗಳನ್ನು ಹುಡುಕಿಸಿದರೆ, ಹೊಯ್ಸಳರ ಬಗ್ಗೆ ಶಾಲೆಯ ಯಾವ ಪಾಠಕ್ಕಿಂತಲೂ ಹೆಚ್ಚು ಮನಸ್ಸಿನಲ್ಲಿ ಉಳಿಯುತ್ತದೆ.

ಅರಕಲಗೂಡಿನ ಕಡೆಯದು ಇನ್ನೂ ವಿಶೇಷ. ಕಾವೇರಿ ಹೇಮಾವತಿಗಳ ನಡುವಿನ ಈ ಭಾಗವೂ ಕೊಡಗಿನ ಬಡಗಣ ಅಂಚೂ ಸೇರಿ ಹನ್ನೊಂದನೆಯ ಶತಮಾನದಲ್ಲಿ ಕೊಂಗಾಳ್ವರೆಂಬ ಸಣ್ಣ ಅರಸುಮನೆತನದ ನಾಡಾಗಿತ್ತು. ಅವರ ಬಗ್ಗೆ ಕಾವ್ಯವಿಲ್ಲ, ಕೋಟೆ ಅರಮನೆಗಳ ಉಳಿಕೆ ಇಲ್ಲ. ಇಲ್ಲಿನ ಹಳ್ಳಿಗಳಲ್ಲೂ ಕೊಡಗಿನ ಮುಳ್ಳೂರಿನಂಥ ಊರುಗಳಲ್ಲೂ ಸಿಕ್ಕ ಕಲ್ಲುಗಳೇ ಅವರ ಇತಿಹಾಸ. ಆ ಕಲ್ಲುಗಳು ತೂಬಿಗೋ ಹೊಸ್ತಿಲಿಗೋ ಹೋಗಿದ್ದರೆ ಒಂದು ರಾಜವಂಶವೇ ನಮಗೆ ಇರುತ್ತಿರಲಿಲ್ಲ.

ಚನ್ನರಾಯಪಟ್ಟಣವೂ ಹಿಂದೆ ಬೇರೆ ಹೆಸರಿನ ಊರು, ಕೊಲತ್ತೂರು. ಸುಮಾರು 1600ರಲ್ಲಿ ಅದನ್ನು ವಶಮಾಡಿಕೊಂಡ ಹೊಳೆನರಸೀಪುರದ ನಾಯಕ ತನ್ನ ಮಗ ಚನ್ನರಾಯನಿಗೆ ಜಹಗೀರಾಗಿ ಕೊಟ್ಟ ಮೇಲೆ ಹೊಸ ಹೆಸರು ಬಂತು. ಹಳೆಯ ಶಾಸನ ಹಿಡಿದು ಹೊರಟವರು ಇಂಥ ಹೆಸರಿನ ಪಲ್ಲಟಗಳನ್ನು ಹೆಜ್ಜೆಹೆಜ್ಜೆಗೂ ಎದುರಿಸಬೇಕು. ನುಗ್ಗೇಹಳ್ಳಿ ಶಾಸನದಲ್ಲಿ ವಿಜಯಸೋಮನಾಥಪುರ. ಎಷ್ಟೋ ಊರು ಪ್ಲೇಗಿನ ಕಾಲದಲ್ಲೋ ನೀರು ಬತ್ತಿದಾಗಲೋ ಬಿಟ್ಟುಹೋಗಿ ಬೇಚರಾಕ್ ಗ್ರಾಮವೆಂದು ಕಂದಾಯದ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಇಂಥ ಬೇಚರಾಕ್ ಊರಿನ ಹಾಳುಗುಡಿಯ ಸುತ್ತಲೇ ವೀರಗಲ್ಲುಗಳು ಗುಂಪಾಗಿ ಸಿಗುವುದು.

ಹುಡುಕುವವರಿಗೆ ಅಕ್ಷರ ಬರದಿದ್ದರೂ ಕಲ್ಲಿನ ಜಾತಿ ಗೊತ್ತಾಗುತ್ತದೆ. ಮೂರು ಪಟ್ಟಿಕೆಗಳಿದ್ದು ಕೆಳಗೆ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುತ್ತಿರುವ ವೀರ, ಮೇಲೆ ಲಿಂಗದ ಮುಂದೆ ಕೂತ ವೀರ ಇದ್ದರೆ ಅದು ವೀರಗಲ್ಲು. ಅಂಥವುಗಳಲ್ಲಿ ಬಹಳಷ್ಟು, ದನಗಳನ್ನು ಕದ್ದೊಯ್ಯುವವರೊಡನೆ ಕಾದಿ ಸತ್ತ ಸಾಮಾನ್ಯರ ಸ್ಮಾರಕ. ಬಳೆ ತೊಟ್ಟ ಬಲತೋಳು ಕಂಬದಿಂದ ಚಾಚಿದಂತಿದ್ದರೆ ಮಾಸ್ತಿಕಲ್ಲು. ಬೆಳಗೊಳದ ಸುತ್ತ ಜೈನರ ನಿಸಿಧಿಗಲ್ಲುಗಳೂ, ಬಸದಿಯ ಭೂಮಿಯ ಎಲ್ಲೆ ತೋರುವ ಮುಕ್ಕೊಡೆಯ ಕಲ್ಲುಗಳೂ ಇವೆ. ಛತ್ರಿ ಕಮಂಡಲು ಹಿಡಿದ ವಾಮನನಿದ್ದರೆ ವೈಷ್ಣವ ದತ್ತಿಯ ಎಲ್ಲೆ, ಲಿಂಗವಿದ್ದರೆ ಶಿವಾಲಯದ್ದು. ದಾನಶಾಸನದ ನೆತ್ತಿಯಲ್ಲಿ ಸೂರ್ಯ ಚಂದ್ರರೂ ಹಸು ಕರುವೂ ಇರುತ್ತಾರೆ.

ದಾನಶಾಸನದೊಳಗೆ ಇನ್ನೊಂದು ಹುಡುಕಾಟದ ನಕ್ಷೆಯೇ ಅಡಗಿದೆ. ಕೊಟ್ಟ ಭೂಮಿಯ ಚಕ್ಕುಬಂದಿ: ಮೂಡಲು ಯಾವ ಹಳ್ಳ, ತೆಂಕಲು ಯಾವ ಮೊರಡಿ, ಪಡುವಲು ಯಾವ ಹುಣಿಸೆ, ಬಡಗಲು ಯಾವ ಕೆರೆಯ ನೀರುದಾಣ. ನೆಲದ ಅಳತೆ ಖಂಡುಗ, ಕೊಳಗಗಳಲ್ಲಿ. ಹಳ್ಳಿಯ ಹಿರಿಯರಿಗೆ ಈ ದಿಕ್ಕುಗಳೂ ಈ ಅಳತೆಗಳೂ ಇನ್ನೂ ಹೊಸದಲ್ಲ. ಮರ ಉಳಿದಿರುವುದಿಲ್ಲ, ಆದರೆ ಹಳ್ಳ, ಮೊರಡಿ, ಹಾಸುಬಂಡೆಗಳು ಉಳಿದಿರುತ್ತವೆ. ಹನ್ನೆರಡನೆಯ ಶತಮಾನದ ಚಕ್ಕುಬಂದಿಯೊಂದನ್ನು ಹಿಡಿದು ಅದರ ನಾಲ್ಕೂ ಎಲ್ಲೆಯನ್ನು ನಡೆದು ನೋಡುವುದಕ್ಕಿಂತ ಚೆಂದದ ತಿರುಗಾಟ ಈ ಸೀಮೆಯಲ್ಲಿ ಇನ್ನೊಂದಿರಲಾರದು.

ಅದಕ್ಕೆ ತಕ್ಕ ಕಾಲ ದಸರೆಯ ನಂತರದ್ದು. ಮಳೆ ತಗ್ಗಿ ನೆಲ ಗಟ್ಟಿಯಾಗಿರುತ್ತದೆ. ಹಾಸನದಲ್ಲಿ ಹಾಸನಾಂಬೆಯ ಬಾಗಿಲು ತೆರೆಯುವ ಆಶ್ವಯುಜದಿಂದ ರಾಗಿ ಕುಯ್ಲಿನ ಮಾರ್ಗಶಿರದವರೆಗೆ ಬಿಸಿಲು ಓರೆಯಾಗಿ ಬೀಳುತ್ತದೆ. ಬೆಳಗಿನ ಮೊದಲ ಗಂಟೆಯಲ್ಲಿ, ಸಂಜೆಯ ಕೊನೆಯ ಗಂಟೆಯಲ್ಲಿ ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವಾಗ ಮಧ್ಯಾಹ್ನ ಬೋಳಾಗಿ ಕಂಡ ಬಂಡೆಯ ಮೇಲೂ ಸಾಲು ಸಾಲು ಅಕ್ಷರ ಏಳುತ್ತವೆ. ಮಳೆಯಲ್ಲಿ ಸೊಕ್ಕಿದ ಲಂಟಾನದ ಮೆಳೆ ಮಾತ್ರ ದೊಡ್ಡ ಅಡ್ಡಿ. ಹಾವಿನ ಎಚ್ಚರವೂ ಬೇಕು. ತೂಬಿನ ಕಲ್ಲುಗಳು ಆಗ ನೀರೊಳಗಿರುತ್ತವೆ, ಅವಕ್ಕೆ ಬೇಸಿಗೆಯೇ ಸರಿ. ರಾಗಿ ನಿಂತ ಹೊಲಕ್ಕೆ ಕುಯ್ಲು ಮುಗಿಯುವವರೆಗೆ ಕಾಲಿಡಬಾರದು.

ಇದೇ ಕಲ್ಲುಗಳನ್ನು ಹುಡುಕುವ ಇನ್ನೊಂದು ಗುಂಪಿದೆ. ಅವರು ಬರುವುದು ಅಮಾವಾಸ್ಯೆಯ ರಾತ್ರಿ, ಹಾರೆ ಗುದ್ದಲಿಯೊಂದಿಗೆ. ಶಾಸನವೆಂದರೆ ನಿಧಿಯ ಗುರುತು ಎಂಬ ನಂಬಿಕೆ ಈ ನಾಡಿನಲ್ಲಿ ಎಷ್ಟು ವೀರಗಲ್ಲುಗಳನ್ನು ಕೆಡವಿದೆಯೋ, ಎಷ್ಟು ಗರ್ಭಗುಡಿಗಳ ನೆಲ ಅಗೆಯಿಸಿದೆಯೋ ಲೆಕ್ಕವಿಲ್ಲ. ಅದಕ್ಕೆ ಒಂದು ಕಾರಣ ಶಾಸನದ ಭಾಷೆಯಲ್ಲೇ ಇದ್ದಿರಬಹುದು. ವಿಜಯನಗರ ಕಾಲದ ದಾನಗಳಲ್ಲಿ ಭೂಮಿಯ ಜೊತೆ ಅಷ್ಟಭೋಗಗಳನ್ನೂ ಕೊಟ್ಟೆವೆಂದು ಬರೆಯುವ ರೂಢಿ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಇದು ಎಂಟು ಬಗೆಯ ಹಕ್ಕುಗಳ ಪಟ್ಟಿ, ಎಲ್ಲ ದಾನಕ್ಕೂ ಹಾಕುವ ಒಕ್ಕಣೆ. ಇಲ್ಲಿ ಹೊನ್ನಿದೆ ಎಂದು ಅದರ ಅರ್ಥವಲ್ಲ. ನೆಲದಲ್ಲಿ ಬೆಲೆಬಾಳುವುದು ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೇ ಭಾರತದಲ್ಲಿದೆ. ಕರ್ನಾಟಕದ್ದೇ ಆದ ನಿಧಿ ಕಾಯಿದೆ 1962ರದು. ಆದರೂ ಅಗೆತ ನಿಂತಿಲ್ಲ. ಯಾವ ಪಟ್ಟಿಯಲ್ಲೂ ಇಲ್ಲದ ಕಲ್ಲು ಕಾಣೆಯಾದರೆ ದೂರು ಕೊಡುವವರೂ ಇರುವುದಿಲ್ಲ. ಕಳ್ಳನಿಗೆ ಅದೇ ಅನುಕೂಲ.

ಜೆಸಿಬಿ ಬಂದ ಮೇಲೆ ಅಪಾಯ ಹಗಲಿಗೂ ಹಬ್ಬಿದೆ. ರಸ್ತೆ ಅಗಲಿಸುವಾಗ, ಕೆರೆ ಹೂಳೆತ್ತುವಾಗ, ತೋಟಕ್ಕೆ ನೆಲ ಸಮಮಾಡುವಾಗ ಒಂದು ಗಂಟೆಯ ಕೆಲಸದಲ್ಲಿ ಸಾವಿರ ವರ್ಷದ ಕಲ್ಲು ಚೂರಾಗುತ್ತದೆ. 1979ರಲ್ಲಿ ಮುಗಿದ ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರೂರುಗಳೇ ಮುಳುಗಿದವು, ಅವುಗಳೊಡನೆ ಅಲ್ಲಿದ್ದ ಕಲ್ಲುಗಳೂ.

ಇದಕ್ಕೆ ಉತ್ತರ ಏನು ಎಂಬುದನ್ನು ಬೆಂಗಳೂರು ತೋರಿಸಿದೆ, ಹಾಸನವೂ ಅದನ್ನು ಅನುಸರಿಸಬೇಕು. ರೈಸರ ಸಂಪುಟದಲ್ಲಿರುವ ಬೆಂಗಳೂರು ಸುತ್ತಿನ ಶಾಸನಗಳು ಈಗ ಎಲ್ಲಿವೆ ಎಂದು ಅಲ್ಲಿನ ಕೆಲವು ಆಸಕ್ತರು ತಾವಾಗಿಯೇ ಹುಡುಕಲು ಹೊರಟರು. 2018ರಲ್ಲಿ ಹೆಬ್ಬಾಳದಲ್ಲಿ ಕಿತ್ತಯ್ಯನೆಂಬ ವೀರನ ಕಲ್ಲು ಸಿಕ್ಕಿತು. ಗಂಗ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಆ ಊರಿನವರೇ ಮುಂದೆ ನಿಂತು ಅದಕ್ಕೊಂದು ಮಂಟಪ ಕಟ್ಟಿಸಿದರು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿಸುತ್ತ, ಪ್ರತಿ ಕಲ್ಲಿನ ಅಕ್ಷಾಂಶ ರೇಖಾಂಶಗಳನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸುತ್ತಿದೆ. ಶಾಸನದ ನೆತ್ತಿಯ ಮೇಲಿನ ಹಳೆಯ ಸಾಲಿಗೆ ಕೊನೆಗೂ ಅಲುಗಾಡದ ವಿಳಾಸ ಬಂದಂತಾಯಿತು. ಚನ್ನರಾಯಪಟ್ಟಣದಲ್ಲಿ, ಹೊಳೆನರಸೀಪುರದಲ್ಲಿ, ಅರಕಲಗೂಡಿನಲ್ಲಿ ಕಾಲೇಜುಗಳಿವೆ, ಪ್ರತಿ ಹೋಬಳಿಯಲ್ಲೂ ಪ್ರೌಢಶಾಲೆಯಿದೆ, ಬಹುತೇಕ ವಿದ್ಯಾರ್ಥಿಗಳ ಮನೆಯಲ್ಲಿ ಜಿಪಿಎಸ್ ಇರುವ ಫೋನಿದೆ. ಐದನೆಯ ಸಂಪುಟದ ಒಂದೊಂದು ಊರನ್ನು ಒಂದೊಂದು ಶಾಲೆ ವಹಿಸಿಕೊಂಡರೂ ಕೆಲವೇ ಚಳಿಗಾಲಗಳಲ್ಲಿ ಜಿಲ್ಲೆಯ ಪೂರ್ತಿ ಪಟ್ಟಿ ಸಿದ್ಧವಾದೀತು.

ಈ ಶರತ್ಕಾಲದಲ್ಲಿ ಹೊರಡುವ ಓದುಗರು ಇಷ್ಟು ಮಾಡಲಿ. ಮೊದಲು ಊರಿನ ಹಿರಿಯರನ್ನೂ ಹೊಲದವರನ್ನೂ ಕೇಳಿ ಕಾಲಿಡಲಿ. ಕಲ್ಲಿಗೆ ಬಣ್ಣ, ಎಣ್ಣೆ, ಆಸಿಡ್ ಹಚ್ಚದಿರಲಿ, ಉಳಿ ಚಾಕು ಮುಟ್ಟಿಸದಿರಲಿ. ಮಣ್ಣಿದ್ದರೆ ನೀರು, ಮೆತ್ತನೆಯ ಬ್ರಷ್ಷು ಸಾಕು. ಓರೆ ಬಿಸಿಲಿನಲ್ಲಿ ನಾಲ್ಕೂ ಮಗ್ಗುಲಿನ ಫೋಟೊ ತೆಗೆಯಲಿ, ಅಕ್ಷಾಂಶ ರೇಖಾಂಶ ಬರೆದುಕೊಳ್ಳಲಿ, ತೋರಿಸಿದವರ ಒಪ್ಪಿಗೆಯಿದ್ದರೆ ಅವರ ಹೆಸರನ್ನೂ ಬರೆಯಲಿ. ಕಲ್ಲನ್ನು ಇದ್ದಲ್ಲೇ ಬಿಟ್ಟು, ಮಾಹಿತಿಯನ್ನು ಗ್ರಾಮ ಪಂಚಾಯಿತಿಗೂ ಮೈಸೂರಿನ ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೂ ಕಳುಹಿಸಲಿ.